ಬ್ರೇಕ್ ಸರಿಯಿತ್ತು, ಒತ್ತಿದವರಿಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಾಲನೆ ವೇಳೆಯ ಮೊಬೈಲ್ ಬಗ್ಗೆ. ಕಳೆದ ತಿಂಗಳೂ ಹಾಗೆಯೇ ಇತ್ತು. ಉತ್ತರ ಗೊತ್ತಿದ್ದೂ ಬೇರೆ ಉತ್ತರ ಸಿಕ್ಕೀತೇ ಎಂದು ಕೇಳುವವರೇ ಹೆಚ್ಚು, ‘ಬೆಲ್ಲವಾದರೆ ಪರವಾಗಿಲ್ಲ ಅಲ್ಲವೇ ಡಾಕ್ಟರೇ’ ಎಂದು ರಾಗ ಎಳೆಯುವ ಸಕ್ಕರೆ ಕಾಯಿಲೆಯವರ ಹಾಗೆ. ಹೆಲ್ಮೆಟ್ ಹಾಕಬೇಕು, ಕುಡಿದು ಓಡಿಸಬಾರದು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಈ ಪುಟ ತೆರೆಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಪರವಾನಗಿ ವಾಪಸು ಕೊಟ್ಟು ಬರಲಿ.

ಪ್ರಶ್ನೆ: ಸರ್ಕಾರದ ಲೆಕ್ಕದಲ್ಲೇ ರಸ್ತೆಯಲ್ಲಿ ಸಾಯುವ ನೂರು ಮಂದಿಯಲ್ಲಿ ಮೊಬೈಲ್‌ನಿಂದ ಸಾಯುವವರು ಇಬ್ಬರು. ಅತಿವೇಗದಿಂದ ಸಾಯುವವರು ಎಪ್ಪತ್ತಕ್ಕೂ ಹೆಚ್ಚು. ನಮ್ಮ ಜಿಲ್ಲೆಯ ಪುಟದಲ್ಲಿ ದಿನವೂ ಅಪಘಾತದ ಸುದ್ದಿ ಓದುತ್ತೇನೆ, ಎಲ್ಲಿಯೂ ಮೊಬೈಲ್ ಮಾತು ಬರುವುದಿಲ್ಲ. ನಾನು ಬ್ಲೂಟೂತ್‌ನಲ್ಲಿ ಮಾತನಾಡುತ್ತೇನೆ, ಎರಡೂ ಕೈ ಸ್ಟೇರಿಂಗ್ ಮೇಲಿರುತ್ತವೆ. ರಸ್ತೆ ಸರಿಮಾಡದ ರಾಜಕಾರಣಿಗಳನ್ನು ಬಿಟ್ಟು ನಮ್ಮಂಥವರ ಬೆನ್ನು ಹತ್ತಿರುವುದೇಕೆ? — ಒಬ್ಬ ಓದುಗರು, ದಾವಣಗೆರೆ

ನಿಮ್ಮ ಲೆಕ್ಕ ಸರಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಮೊಬೈಲ್ ಬಳಕೆಯ ಖಾತೆಗೆ ಬಿದ್ದವರು 3,395. ನೂರಕ್ಕೆ ಇಬ್ಬರೇ. ಆದರೆ ಈ ಲೆಕ್ಕವನ್ನು ಬರೆದವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ? ಮೋಟಾರು ವಾಹನ ನಿರೀಕ್ಷಕನಾಗಿದ್ದಷ್ಟು ಕಾಲ ಅದರ ಒಂದು ಚೂರನ್ನು ನಾನೂ ಬರೆದಿದ್ದೇನೆ. ಹಾಗಾಗಿ ಅದು ಹೇಗೆ ತಯಾರಾಗುತ್ತದೆ ಎಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಅಪಘಾತವಾದ ಮೇಲೆ ಗಾಯಾಳುವಿನ ಅಣ್ಣನೋ ಮಾವನೋ ಠಾಣೆಗೆ ಬರುತ್ತಾರೆ. ಅವರು ಸ್ಥಳದಲ್ಲಿ ಇದ್ದವರಲ್ಲ. ಏನಾಯಿತೆಂದು ಅವರಿಗೆ ಗೊತ್ತಿಲ್ಲ. ಆದರೂ ದೂರಿನಲ್ಲಿ ‘ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಾಲನೆ ಮಾಡಿಕೊಂಡು ಬಂದು’ ಎಂಬ ಸಾಲು ತಪ್ಪದೆ ಇರುತ್ತದೆ. ಮೊದಲು ಭಾರತೀಯ ದಂಡ ಸಂಹಿತೆಯ 279ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ನಿಲ್ಲಬೇಕಾದರೆ ಅಂಥ ಮಾತು ಬೇಕು, ಆದ್ದರಿಂದ ಠಾಣೆಯ ರೈಟರ್ ಅದನ್ನು ಹಾಕುತ್ತಾರೆ. ಬೀದರಿನಿಂದ ಚಾಮರಾಜನಗರದವರೆಗೆ ಅದೇ ಸಾಲು. ಲಾರಿ ನಿಂತೇ ಇದ್ದರೂ ಅತಿವೇಗ! ಆಮೇಲೆ ವಾಹನ ನಿರೀಕ್ಷಕರ ಕೈಗೆ ಬರುತ್ತದೆ. ನಾವು ಬ್ರೇಕ್, ಸ್ಟೇರಿಂಗ್, ಟೈರು ನೋಡಿ ‘ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಸಂಭವಿಸಿರುವುದಿಲ್ಲ’ ಎಂದು ಬರೆದು ಸಹಿ ಹಾಕುತ್ತೇವೆ. ಯಂತ್ರದ ತಪ್ಪಲ್ಲ ಎಂದಾಯಿತು, ಹಾಗಾದರೆ ಚಾಲಕನ ತಪ್ಪು; ಚಾಲಕನ ತಪ್ಪೆಂದರೆ ಅತಿವೇಗ. ಕಡತ ಮುಗಿಯಿತು. ಒಂದು ಸಾವು ಒಂದೇ ಖಾತೆಗೆ ಸೇರುವುದರಿಂದ, ಫೋನ್ ನೋಡುತ್ತ ತೊಂಬತ್ತರಲ್ಲಿ ಹೋಗಿ ಗುದ್ದಿದವನೂ ಅತಿವೇಗದವನೇ ಆಗುತ್ತಾನೆ.

ಒಂದು ಪ್ರಕರಣ ನನ್ನನ್ನು ಇನ್ನೂ ಬಿಟ್ಟಿಲ್ಲ. ಹೆದ್ದಾರಿ ಬದಿಯಲ್ಲಿ ಕೆಟ್ಟು ನಿಂತಿದ್ದ ಲಾರಿಯ ಹಿಂಬದಿಗೆ ಕಾರೊಂದು ಹೊಕ್ಕಿತ್ತು. ಹಗಲು ಹನ್ನೊಂದು ಗಂಟೆ, ನೇರ ರಸ್ತೆ, ಲಾರಿಯವನು ಹಿಂದೆ ಕಲ್ಲು, ಸೊಪ್ಪು ಇಟ್ಟಿದ್ದ. ನಾನು ಸ್ಥಳಕ್ಕೆ ಹೋದಾಗ ಮೊದಲು ನೋಡುವುದು ಡಾಂಬರಿನ ಮೇಲಿನ ಟೈರಿನ ಗುರುತನ್ನು. ಅಲ್ಲಿ ಒಂದು ಮೊಳ ಗುರುತೂ ಇರಲಿಲ್ಲ. ಕಾರು ಹಳೆಯದು, ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಬ್ರೇಕಿನ ವ್ಯವಸ್ಥೆ ಅದರಲ್ಲಿರಲಿಲ್ಲ. ಒತ್ತಿದ್ದರೆ ಕಪ್ಪು ಪಟ್ಟೆ ಬೀಳಲೇಬೇಕಿತ್ತು. ಅಂದರೆ ಆ ಮನುಷ್ಯ ಲಾರಿಯನ್ನು ಕೊನೆಯವರೆಗೂ ನೋಡಿರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಫೋನ್ ಸಿಕ್ಕಿಸುವ ಹಿಡಿಕೆ ಇತ್ತು, ಚಾರ್ಜರಿನ ತಂತಿ ನೇತಾಡುತ್ತಿತ್ತು, ಫೋನ್ ಮಾತ್ರ ಇರಲಿಲ್ಲ. ತನಿಖಾಧಿಕಾರಿ ಬ್ರೇಕ್ ಸರಿಯಿತ್ತೇ ಎಂದು ಕೇಳಿದರು. ಸರಿಯಿತ್ತು ಎಂದು ಬರೆದುಕೊಟ್ಟೆ. ಒತ್ತಿದ್ದರೇ ಎಂದು ಅವರು ಕೇಳಲಿಲ್ಲ, ನಾನೂ ಬರೆಯಲಿಲ್ಲ, ಏಕೆಂದರೆ ನನ್ನ ನಮೂನೆಯಲ್ಲಿ ಆ ಕಾಲಂ ಇರಲಿಲ್ಲ. ಬೇರೆ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಲಗತ್ತಿಸಬಹುದಿತ್ತು. ಮಾಡಲಿಲ್ಲ. ಮರುದಿನ ಪತ್ರಿಕೆಯಲ್ಲಿ ‘ಚಾಲಕನ ನಿಯಂತ್ರಣ ತಪ್ಪಿ’ ಎಂದು ಬಂತು.

ಫೋನ್ ಎಲ್ಲಿ ಹೋಯಿತು ಎಂದು ನಾನು ಊಹಿಸಬಲ್ಲೆ. ಪರಿಹಾರ ಕಡಿಮೆಯಾದೀತೆಂಬ ಹೆದರಿಕೆಯಿಂದ ಮನೆಯವರು ಆ ಮಾತನ್ನೇ ಎತ್ತುವುದಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಪೊಲೀಸರನ್ನು ಕೇಳಬಹುದು: ಕೊಲೆಯಾದರೆ ಮೊದಲ ದಿನವೇ ಮೊಬೈಲ್ ಕಂಪನಿಯಿಂದ ಕರೆ ವಿವರ ತರಿಸುವವರಿಗೆ ಅಪಘಾತದಲ್ಲಿ ಮಾತ್ರ ಅದು ಏಕೆ ಹೊಳೆಯುವುದಿಲ್ಲ?

ಕೆನಡಾದ ಟೊರಾಂಟೊದಲ್ಲಿ ಇದನ್ನೇ ಮಾಡಿದರು. ಅಪಘಾತಕ್ಕೀಡಾಗಿದ್ದ, ಮೊಬೈಲ್ ಇದ್ದ 699 ಚಾಲಕರ ದೂರವಾಣಿ ಬಿಲ್ ತೆಗೆದು ಅಪಘಾತದ ಹೊತ್ತಿನೊಂದಿಗೆ ತಾಳೆ ನೋಡಿದರು. 1997ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಫೋನ್ ಬಳಸುತ್ತಿದ್ದಾಗ ಡಿಕ್ಕಿಯ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಇನ್ನೊಂದು ಮಾತೂ ಅದರಲ್ಲಿತ್ತು, ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ: ಕೈಯಲ್ಲಿ ಹಿಡಿಯದೆ ಮಾತನಾಡುವ ಫೋನ್ ಅದಕ್ಕಿಂತ ಸುರಕ್ಷಿತವೆಂದು ಕಂಡುಬರಲಿಲ್ಲ. ಆಗ ವಾಟ್ಸ್‌ಆ್ಯಪ್ ಇಲ್ಲ, ರೀಲ್ಸ್ ಇಲ್ಲ. ಬರೀ ಮಾತು.

ಎರಡೂ ಕೈ ಸ್ಟೇರಿಂಗ್ ಮೇಲಿದ್ದರೆ ಸಾಕು ಎನ್ನುವವರು ಒಂದು ಸಣ್ಣ ಕೆಲಸ ಮಾಡಿ. ಬ್ಲೂಟೂತ್‌ನಲ್ಲಿ ತಂಗಿಯ ಮದುವೆಯ ಛತ್ರದ ಬಾಡಿಗೆ ಚೌಕಾಸಿ ಮಾಡುತ್ತ ಹತ್ತು ಕಿಲೋಮೀಟರು ಬಂದ ಮೇಲೆ, ದಾರಿಯಲ್ಲಿ ಎಷ್ಟು ಉಬ್ಬು ದಾಟಿದಿರಿ ಎಂದು ನೆನಪಿಸಿಕೊಳ್ಳಿ. ನೆನಪಿರುವುದಿಲ್ಲ. ಕಣ್ಣು ನೋಡಿದೆ, ತಲೆ ಛತ್ರದಲ್ಲಿತ್ತು. ಪಕ್ಕದಲ್ಲಿ ಕೂತ ಹೆಂಡತಿಯೊಂದಿಗೂ ಮಾತನಾಡುತ್ತೇನಲ್ಲ ಎಂದು ವಾದಿಸುವವರಿದ್ದಾರೆ. ಹಸು ಅಡ್ಡ ಬಂದರೆ ಪಕ್ಕದಲ್ಲಿ ಕೂತವರು ಮಾತು ನಿಲ್ಲಿಸುತ್ತಾರೆ, ಇಲ್ಲವೇ ‘ರೀ, ಹಸು’ ಎಂದು ಕಿರುಚುತ್ತಾರೆ. ಛತ್ರದ ಮ್ಯಾನೇಜರಿಗೆ ಹಸು ಕಾಣುವುದಿಲ್ಲ, ಅವರು ಜನರೇಟರಿನ ದರ ಹೇಳುತ್ತಲೇ ಇರುತ್ತಾರೆ. ಇನ್ನು ಸಂದೇಶ ಓದುವವರ ಮಾತು ಬಿಡಿ. ಗಂಟೆಗೆ 60 ಕಿಲೋಮೀಟರಿನಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಕಣ್ಣು ತಗ್ಗಿಸಿದರೆ ಮೂರು ಬಸ್ಸಿನ ಉದ್ದ ಕುರುಡಾಗಿ ಹೋದಂತೆ.

ಕಾನೂನು ನಿಮ್ಮ ಪರ ಇದೆಯೇ ಎಂದರೆ, ಬೇಸರದಿಂದಲೇ ಹೇಳುತ್ತೇನೆ, ಸ್ವಲ್ಪ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಕಲಮನ್ನು ತಿದ್ದಿದಾಗ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದ್ದು ‘ಕೈಯಲ್ಲಿ ಹಿಡಿಯುವ’ ಸಂವಹನ ಸಾಧನವನ್ನು. ಕಾನೂನು ಬರೆದವರು ಕೈಯನ್ನು ನೋಡಿದರು, ತಲೆಯನ್ನು ಬಿಟ್ಟರು. ಕೈಯಲ್ಲಿ ಹಿಡಿದು ಮೊದಲ ಬಾರಿ ಸಿಕ್ಕಿಬಿದ್ದರೆ ಒಂದರಿಂದ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಸೆರೆ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿದರೆ ದಂಡ ಹತ್ತು ಸಾವಿರ, ಸೆರೆ ಎರಡು ವರ್ಷದವರೆಗೆ. ಪುಸ್ತಕದಲ್ಲಿ ಹೀಗಿದೆ.

ರಸ್ತೆಯಲ್ಲಿ ಹೇಗಿದೆ ಎಂದರೆ, ಇಲ್ಲಿ ನಿಮ್ಮ ರಾಜಕಾರಣಿಗಳು ಬರುತ್ತಾರೆ. ಹೊಸ ದಂಡ 2019ರ ಸೆಪ್ಟೆಂಬರ್ 1ರಂದು ಜಾರಿಯಾಯಿತು. ಜನ ಬೊಬ್ಬೆ ಹಾಕಿದರು. ಅದೇ ತಿಂಗಳಲ್ಲಿ ರಾಜ್ಯ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್‌ನದು ಸಾವಿರದಿಂದ ಐನೂರಕ್ಕೆ ಬಂತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರು. ಪಕ್ಷ ಬದಲಾಯಿತು, 2025ರ ಆಗಸ್ಟ್‌ನಲ್ಲಿ ಮತ್ತೆ ಅರ್ಧ ರಿಯಾಯಿತಿ ಬಂತು. ಯುಗಾದಿ ಸೀರೆಗೆ ಕೊಡುವ ಹಾಗೆ! ದಂಡದ ವಿಷಯದಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದವೇ ಇಲ್ಲ. ಏಕೆಂದರೆ ಬೊಬ್ಬೆ ಹಾಕಿದವರು ನೀವು ಮತ್ತು ನಾನು. ರಸ್ತೆ ಬಗ್ಗೆಯೂ ನಮಗೆ ಅಷ್ಟೇ ಗಂಟಲಿದ್ದಿದ್ದರೆ ಚೆನ್ನಾಗಿತ್ತು. ಅದೇ ತಿದ್ದುಪಡಿಯಲ್ಲಿ 198ಎ ಎಂಬ ಕಲಂ ಇದೆ: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಲೋಪದಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಗುತ್ತಿಗೆದಾರರಿಗೂ ಹೊಣೆ ಹೊತ್ತ ಪ್ರಾಧಿಕಾರಕ್ಕೂ ಒಂದು ಲಕ್ಷ ರೂಪಾಯಿಯವರೆಗೆ ದಂಡ. ನಿಮ್ಮ ಊರಿನಲ್ಲಿ ಇದನ್ನು ಯಾರ ಮೇಲಾದರೂ ಹಾಕಿದ್ದಾರೆಯೇ ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಕೇಳಿ. ಅಲ್ಲಿಯವರೆಗೂ ಹೊಂಡ ಇದ್ದೇ ಇರುತ್ತದೆ, ಮತ್ತು ಹೊಂಡ ಇರುವ ರಸ್ತೆಯಲ್ಲಿ ಛತ್ರದ ಬಾಡಿಗೆ ಮಾತನಾಡುವುದಕ್ಕೆ ಇನ್ನೂ ಕಡಿಮೆ ಕಾರಣವಿದೆ.

ಸುದ್ದಿ ಬರೆಯುವವರಿಗೂ ಎರಡು ಮಾತು. ‘ಯಮಸ್ವರೂಪಿ ಲಾರಿ’, ‘ಜವರಾಯನ ಅಟ್ಟಹಾಸ’ ಎಂದು ಎಷ್ಟು ವರ್ಷ ಬರೆಯುತ್ತೀರಿ? ಯಮನಿಗೆ ಕೋಣ ಸಾಕು, ಹತ್ತು ಚಕ್ರದ ಲಾರಿ ಬೇಕಿಲ್ಲ. ‘ನಿಯಂತ್ರಣ ತಪ್ಪಿ’ ಎಂಬುದಂತೂ ಯಾರೂ ಮಾಡದ ಕೆಲಸ, ನೆಗಡಿ ಬಂದ ಹಾಗೆ ತಾನೇ ಬಂದದ್ದು. ಏಕೆ ತಪ್ಪಿತು ಎಂದು ಠಾಣೆಗೆ ಒಂದು ಫೋನ್ ಮಾಡಿ ಕೇಳಿ. ಗೊತ್ತಿಲ್ಲ ಎಂದರೆ ‘ಕಾರಣ ತಿಳಿದಿಲ್ಲ, ಚಾಲಕನ ಮೊಬೈಲ್ ಪರಿಶೀಲಿಸಿಲ್ಲ’ ಎಂದೇ ಅಚ್ಚು ಹಾಕಿ. ಶಾಸಕರು ಸ್ಥಳಕ್ಕೆ ಭೇಟಿ ನೀಡಿದ ಫೋಟೊಗೆ ಕೊಡುವ ಜಾಗದಲ್ಲಿ ಇಂಥ ಮೂರು ವಾಕ್ಯ ಹಿಡಿಯುತ್ತವೆ.

ದಾವಣಗೆರೆಯವರೇ, ನಿಮಗೆ ನನ್ನ ಸಲಹೆ ಹಳೆಯ ಕಾಲದ್ದು. ಫೋನನ್ನು ಹಿಂದಿನ ಸೀಟಿನ ಮೇಲೆ ಚೀಲದೊಳಗೆ ಇಡಿ, ಕೈಗೆ ಸಿಗದ ಜಾಗದಲ್ಲಿ. ತುರ್ತು ಕರೆ ಬಂದರೆ ಎಂದು ಕೇಳುತ್ತೀರಿ. ಇಷ್ಟು ವರ್ಷದಲ್ಲಿ ನನಗೆ ಬಂದ ತುರ್ತು ಕರೆಗಳಲ್ಲಿ ಒಂದೂ ಹತ್ತು ನಿಮಿಷ ಕಾಯಲಾಗದ್ದು ಇರಲಿಲ್ಲ. ಇದು ವಿಜ್ಞಾನವಲ್ಲ, ನನ್ನ ಅಳುಕು. ಆ ಟೈರಿನ ಗುರುತಿಲ್ಲದ ಡಾಂಬರನ್ನು ನೋಡಿದವರಿಗೆ ಈ ಅಳುಕು ಅತಿಯೆನಿಸುವುದಿಲ್ಲ.

ಪ್ರಶ್ನೆ: ದಾರಿ ನೋಡಲು ಮ್ಯಾಪ್ ಹಾಕಿಕೊಳ್ಳಬಹುದೇ? — ಮಂಡ್ಯ

ಹಾಕಿಕೊಳ್ಳಬಹುದು, ಚಾಲಕರ ಗಮನ ಕೆಡದ ಹಾಗೆ ದಾರಿ ನೋಡಲು ಮಾತ್ರ ಬಳಸಬಹುದೆಂದು 2020ರ ಅಕ್ಟೋಬರ್ 1ರಿಂದ ನಿಯಮವೇ ಇದೆ. ಹೊರಡುವ ಮೊದಲು ಹಾಕಿ, ದಾರಿಯಲ್ಲಿ ಬೆರಳಾಡಿಸಬೇಡಿ.

ಪ್ರಶ್ನೆ: ಫೋನನ್ನು ಹೆಲ್ಮೆಟ್ ಮತ್ತು ಕೆನ್ನೆಯ ನಡುವೆ ಸಿಕ್ಕಿಸಿಕೊಂಡರೆ ಕೈಯಲ್ಲಿ ಹಿಡಿದಂತಾಗುವುದಿಲ್ಲವಲ್ಲ? — ಬೆಂಗಳೂರು

ಈ ಬುದ್ಧಿವಂತಿಕೆಯನ್ನು ಬೇರೆ ಕೆಲಸಕ್ಕೆ ಬಳಸಿ.

ಪ್ರಶ್ನೆ: ಪರವಾನಗಿ ಅಮಾನತು ಮಾಡುತ್ತೇವೆಂದು ನೋಟಿಸ್ ಬಂದಿದೆ. ಶಾಸಕರ ಕಡೆಯಿಂದ ಹೇಳಿಸಿದರೆ ತಪ್ಪುತ್ತದೆಯೇ? — ಹೆಸರು, ಊರು ಬೇಡವೆಂದಿದ್ದಾರೆ

ಮೊಬೈಲ್ ಬಳಸಿ ಓಡಿಸಿದವರ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಎಂದು 2015ರಲ್ಲೇ ರಾಜ್ಯಗಳಿಗೆ ಹೇಳಿದ್ದು ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ. ಮೂರು ತಿಂಗಳು ಬಸ್ಸಿನಲ್ಲಿ ಓಡಾಡಿ. ಹೆಸರು ಮುಚ್ಚಿಟ್ಟದ್ದಕ್ಕೆ ನಿಮ್ಮ ಶಾಸಕರು ನಿಮಗೆ ಋಣಿಯಾಗಿರಬೇಕು.

ಪ್ರಶ್ನೆ: ನಂಬರ್ ಪ್ಲೇಟಿಗೆ ಒಂದು ದ್ರವ ಹೊಡೆದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲವಂತೆ, ಎಂಟುನೂರು ರೂಪಾಯಿ ಹೇಳುತ್ತಿದ್ದಾರೆ. — ಹುಬ್ಬಳ್ಳಿ

ಮಾರುವವರು ಕಳ್ಳರು, ಕೊಳ್ಳುವವರು ಇನ್ನೇನು? ಬಾಕಿ ದಂಡವನ್ನು ‘ಒಳಗಿನವರ’ ಮೂಲಕ ಅಳಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳೂ ಇದೇ ಜಾತಿ. ಹಣ ಕೊಟ್ಟ ಮೇಲೆ ನನಗೆ ಬರೆಯಬೇಡಿ.

ಪ್ರಶ್ನೆ: ನಮ್ಮೂರ ತಿರುವಿನಲ್ಲಿ ಎರಡು ವರ್ಷದಲ್ಲಿ ನಾಲ್ಕು ಅಪಘಾತ. ಹಿಂದೆ ಅಲ್ಲಿ ಒಬ್ಬರು ಸತ್ತಿದ್ದರು, ಶಾಂತಿ ಮಾಡಿಸಬೇಕೆಂದು ಜ್ಯೋತಿಷಿಯೊಬ್ಬರು ಹೇಳಿದ್ದಾರೆ. — ತಿಪಟೂರು ತಾಲ್ಲೂಕು

ಜ್ಯೋತಿಷಿಗೆ ಎಷ್ಟು ಕೊಡಬೇಕೆಂದು ಬರೆದಿದ್ದೀರೋ ಅದರ ಕಾಲು ಭಾಗದಲ್ಲಿ ತಿರುವಿನ ಒಳಬದಿಯ ಪೊದೆ ಕಡಿಸಬಹುದು. ಹೋಗಿ ಅಲ್ಲಿ ಬೈಕಿನ ಮೇಲೆ ಕೂತು ನೋಡಿ, ಎದುರಿನ ವಾಹನ ಎಷ್ಟು ದೂರದಿಂದ ಕಾಣುತ್ತದೆ ಎಂದು. ಬ್ಯಾನರ್ ಇದ್ದರೆ ತೆಗೆಸಿ. ನಾಯಕರ ಹುಟ್ಟುಹಬ್ಬದ ಶುಭಾಶಯಗಳು ತಿರುವಿನಲ್ಲೇ ನಿಲ್ಲುವುದನ್ನು ನಾನು ಊರೂರಲ್ಲಿ ಕಂಡಿದ್ದೇನೆ. ನಾಲ್ಕು ಎಫ್‌ಐಆರ್‌ಗಳ ನಕಲು ಸೇರಿಸಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಐದನೆಯದು ಆದರೆ ಆ ಸ್ವೀಕೃತಿಗೆ ಬೆಲೆ ಬರುತ್ತದೆ.

ಪ್ರಶ್ನೆ: ಬಸ್ ಚಾಲಕರು ದಾರಿಯುದ್ದಕ್ಕೂ ಫೋನಿನಲ್ಲಿ ಮಾತನಾಡುತ್ತಿದ್ದರು. ವಿಡಿಯೊ ಮಾಡಿ ಎಲ್ಲರಿಗೂ ಕಳಿಸಿದೆ. ಸರಿಯೇ? — ಚಿಕ್ಕಮಗಳೂರು

ಘಾಟಿ ಇಳಿಯುವವರೆಗೂ ಚಿತ್ರೀಕರಿಸುತ್ತ ಕೂತಿರಾ? ಮೊದಲು ಕಂಡಕ್ಟರ್‌ಗೆ ಹೇಳಿ, ಕೇಳದಿದ್ದರೆ ನಾಲ್ಕು ಪ್ರಯಾಣಿಕರು ಎದ್ದು ನಿಂತು ಬಸ್ ನಿಲ್ಲಿಸಲು ಹೇಳಿ. ಚಾಲಕರ ಮುಖಕ್ಕೆ ಫೋನ್ ಹಿಡಿದು ಜಗಳ ಆಡಬೇಡಿ, ಇದ್ದಷ್ಟು ಗಮನವೂ ಹೋಗುತ್ತದೆ. ಇಳಿದ ಮೇಲೆ ಬಸ್ಸಿನ ನಂಬರ್ ಬರೆದುಕೊಂಡು ಘಟಕದ ವ್ಯವಸ್ಥಾಪಕರಿಗೆ ಲಿಖಿತ ದೂರು ಕೊಡಿ. ಟಿಕೆಟ್ ಎಸೆಯಬೇಡಿ, ಅದರ ಮೇಲೆ ದಿನಾಂಕ ಮತ್ತು ಸಮಯ ಅಚ್ಚಾಗಿರುತ್ತದೆ. ಶಾಯಿ ಬೇಗ ಮಾಸುತ್ತದೆ, ಮನೆಗೆ ಹೋದ ದಿನವೇ ಜೆರಾಕ್ಸ್ ಮಾಡಿಸಿ.