ಕಿಡ್ನಿ ಕಸಿಯ ನಂತರ ತೂಕ ಏರಿದೆ, ಸ್ಟೀರಾಯ್ಡ್ ಬಿಡಬಹುದಾ?

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಕಿಡ್ನಿ ಕಸಿ ಆಗಿ ಒಂದೂವರೆ ವರ್ಷವಾಯಿತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯಲ್ಲಿ 1.2 ಇದೆ. ಆದರೆ ಆಪರೇಷನ್ ಹೊತ್ತಿಗೆ 62 ಕಿಲೋ ಇದ್ದವರು ಈಗ 76 ಆಗಿದ್ದಾರೆ. ಮುಖ ದುಂಡಗಾಗಿದೆ, ಹೊಟ್ಟೆ ಬಂದಿದೆ. ಇದೆಲ್ಲ ಸ್ಟೀರಾಯ್ಡ್‌ನಿಂದಲೇ, ಅದನ್ನು ಬಿಟ್ಟುಬಿಡುತ್ತೇನೆ ಅನ್ನುತ್ತಿದ್ದಾರೆ. ಸ್ನೇಹಿತರೊಬ್ಬರು ತೂಕ ಇಳಿಸುವ ಗಿಡಮೂಲಿಕೆ ಪುಡಿ ತಂದುಕೊಟ್ಟಿದ್ದಾರೆ. ಅದನ್ನು ಕೊಡಬಹುದಾ?

ಉತ್ತರ: ಪುಡಿ ಬೇಡ. ಸ್ಟೀರಾಯ್ಡನ್ನಂತೂ ತಾವಾಗಿಯೇ ನಿಲ್ಲಿಸಲೇಬಾರದು. ಇವತ್ತೇ ಅವರ ಜೊತೆ ಕೂತು ಮಾತಾಡಿ.

ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ಮುಖ ಮತ್ತು ಹೊಟ್ಟೆಯಲ್ಲಿ ಕೊಬ್ಬು ಸೇರಿಸುತ್ತದೆ. ಅದು ನಿಜ. ಆದರೆ ಸ್ಟೀರಾಯ್ಡ್ ಇಲ್ಲದೆ ನಡೆಯುವ ಕಸಿ ಚಿಕಿತ್ಸೆಯಲ್ಲೂ ಜನ ದಪ್ಪಗಾಗುತ್ತಾರೆ. ಡಯಾಲಿಸಿಸ್ ದಿನಗಳನ್ನು ನೆನಪಿಸಿಕೊಳ್ಳಿ. ಬಾಯಿಗೆ ರುಚಿ ಇರಲಿಲ್ಲ, ಊಟ ಸೇರುತ್ತಿರಲಿಲ್ಲ, ನೀರಿಗೂ ಹಣ್ಣಿಗೂ ಕಟ್ಟುಪಾಡು. ಹೊಸ ಕಿಡ್ನಿ ಕೆಲಸ ಶುರು ಮಾಡಿದ ಮೇಲೆ ರುಚಿ ಮರಳಿತು, ಪಥ್ಯ ಸಡಿಲವಾಯಿತು. ಮನೆಯವರೂ ಪ್ರೀತಿಯಿಂದ ಬಡಿಸಿದರು. ಓಡಾಟ ಮಾತ್ರ ಹೆಚ್ಚಲಿಲ್ಲ. ಮೊದಲ ವರ್ಷದಲ್ಲಿ 5ರಿಂದ 10 ಕಿಲೋ ಏರುವುದು ತುಂಬಾ ಜನರಲ್ಲಿ ಕಾಣುತ್ತದೆ. ಹಾಗಾಗಿ ಅವರನ್ನು ದೂರಬೇಡಿ.

ಹಾಗಂತ ಸುಮ್ನೆ ಬಿಡುವಂತೆಯೂ ಇಲ್ಲ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ಕೊಡುವ ಸ್ಟೀರಾಯ್ಡ್ ಮತ್ತು ಟ್ಯಾಕ್ರೊಲಿಮಸ್ ಎರಡೂ ರಕ್ತದಲ್ಲಿ ಸಕ್ಕರೆ ಏರಿಸುವ ಔಷಧಗಳು. ಜೊತೆಗೆ ಹೊಟ್ಟೆಯ ಬೊಜ್ಜೂ ಸೇರಿದರೆ ಕಸಿಯ ನಂತರ ಹೊಸದಾಗಿ ಡಯಾಬಿಟಿಸ್ ಬರುವ ಸಾಧ್ಯತೆ ಜಾಸ್ತಿ. ಬೊಜ್ಜು, ಡಯಾಬಿಟಿಸ್ ಎರಡೂ ಹೃದಯಕ್ಕೂ ಕೆಟ್ಟವು. ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಹೃದಯದ ತೊಂದರೆಯಿಂದ ರೋಗಿಯನ್ನು ಕಳೆದುಕೊಳ್ಳುವುದು ನಮಗೆಲ್ಲ ಬಹಳ ನೋವಿನ ವಿಷಯ.

ಸ್ಟೀರಾಯ್ಡ್ ಥಟ್ಟನೆ ನಿಲ್ಲಿಸಿದರೆ ದೇಹವು ಹೊಸ ಕಿಡ್ನಿಯ ಮೇಲೆ ತಿರುಗಿಬೀಳಬಹುದು, ಇದನ್ನೇ ರಿಜೆಕ್ಷನ್ ಅನ್ನುತ್ತೇವೆ. ಇಷ್ಟು ದಿನ ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದ ಕಾರಣ ಅಡ್ರಿನಲ್ ಗ್ರಂಥಿ ತನ್ನದನ್ನು ತಯಾರಿಸುವುದನ್ನೇ ಕಡಿಮೆ ಮಾಡಿರುತ್ತದೆ. ಮಾತ್ರೆ ನಿಂತರೆ ವಿಪರೀತ ಸುಸ್ತು, ಬಿಪಿ ಕುಸಿತ, ಕೆಲವೊಮ್ಮೆ ಪ್ರಾಣಾಪಾಯ. ಡೋಸ್ ಕಡಿಮೆ ಮಾಡಬಹುದಾ ಅಂತ ಕಸಿ ವೈದ್ಯರನ್ನು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಪುಡಿಯ ವಿಷಯಕ್ಕೆ ಬರುತ್ತೇನೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಗಿಡಮೂಲಿಕೆ ಮಾತ್ರೆ ತೆಗೆದುಕೊಂಡ ನೂರಕ್ಕೂ ಹೆಚ್ಚು ಮಹಿಳೆಯರ ಕಿಡ್ನಿಗೆ ಹಾನಿಯಾಯಿತು. ಅದರಲ್ಲಿದ್ದ ಅರಿಸ್ಟೊಲೊಕಿಕ್ ಆಮ್ಲವೇ ಕಾರಣ. ಅವರಿಗೆ ಅಲ್ಲಿಯವರೆಗೆ ಕಿಡ್ನಿ ಕಾಯಿಲೆಯೇ ಇರಲಿಲ್ಲ! ನಿಮ್ಮ ಪುಡಿಯಲ್ಲಿ ಅದಿಲ್ಲದಿದ್ದರೂ ಇನ್ನೊಂದು ಅಪಾಯವಿದೆ. ಕೆಲವು ಗಿಡಮೂಲಿಕೆಗಳು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತವೆ, ಕೆಲವು ಇಳಿಸುತ್ತವೆ. ಏರಿದರೆ ಕಿಡ್ನಿಗೆ ವಿಷ, ಇಳಿದರೆ ರಿಜೆಕ್ಷನ್. ತೂಕ ಇಳಿಸಲು ಯಾವ ದಾರಿ ಹಿಡಿದರೂ ಈ ಮಟ್ಟ ಕದಲಬಾರದು. ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ. ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ ಬೇಡ ಅನ್ನುವುದೂ ಇದಕ್ಕೇ.

ಗುರಿ ಚಿಕ್ಕದಿರಲಿ. ಆರು ತಿಂಗಳಲ್ಲಿ ಈಗಿನ ತೂಕದ ಶೇ 5ರಿಂದ 10, ಅಂದರೆ ಅವರಿಗೆ ಸುಮಾರು 4ರಿಂದ 7.5 ಕಿಲೋ ಇಳಿದರೆ ಸಾಕು. ವಾರಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಬೇಡ. ಸಕ್ಕರೆ ಹಾಕಿದ ಪಾನೀಯ, ಸಿಹಿ, ಕರಿದ ತಿಂಡಿ ಮೊದಲು ಹೋಗಲಿ. ತಟ್ಟೆಯ ಅರ್ಧ ಭಾಗ ತರಕಾರಿ ಇರಲಿ. ಪ್ರೋಟೀನ್ ಪೂರ್ತಿ ಕಡಿಮೆ ಮಾಡಬೇಡಿ, ಮಾಂಸಖಂಡ ಕರಗುತ್ತದೆ. ಇರಬೇಕಾದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8ರಿಂದ 1 ಗ್ರಾಂ ಸಾಮಾನ್ಯವಾಗಿ ಸಾಕು. ಪ್ರೋಟೀನ್ ಪೌಡರ್ ಬೇಡ. ಇಡೀ ದಿನದ ಉಪವಾಸವೂ ಬೇಡ. ಉಪವಾಸದಲ್ಲಿ ನೀರು ಕಡಿಮೆಯಾಗಿ ಕ್ರಿಯಾಟಿನಿನ್ ಏರುತ್ತದೆ, ಮಾತ್ರೆಯ ಹೊತ್ತೂ ತಪ್ಪುತ್ತದೆ.

ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಲಿ. ಕಸಿ ಮಾಡಿದ ಕಿಡ್ನಿ ಕೆಳಹೊಟ್ಟೆಯಲ್ಲಿರುತ್ತದೆ, ಅದಕ್ಕೆ ಪಕ್ಕೆಲುಬಿನ ರಕ್ಷಣೆ ಇಲ್ಲ. ಹೊಟ್ಟೆಗೆ ಏಟು ಬೀಳುವ ಆಟ ಬೇಡ. ಮಂಡಿ ನೋವು ಬಂದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಮುಟ್ಟಬೇಡಿ, ಅವು ಕಿಡ್ನಿಗೆ ಹಾನಿ ಮಾಡಬಲ್ಲವು.

ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳ ಬಗ್ಗೆಯೂ ಹಲವರು ಕೇಳುತ್ತಾರೆ. ಸೆಮಾಗ್ಲುಟೈಡ್‌ನಂಥ ಔಷಧವನ್ನು ಕಸಿಯಾದವರಿಗೂ ಕೊಡುವುದುಂಟು. ಆದರೆ ವಾಂತಿಯಾದರೆ ಮಾತ್ರೆಯೂ ಹೋಯಿತು, ನೀರೂ ಹೋಯಿತು. ಕಸಿ ವೈದ್ಯರ ಕಣ್ಗಾವಲಿನಲ್ಲೇ ಶುರುವಾಗಬೇಕು. ತೂಕ ಇಳಿದಂತೆ ಬಿಪಿ, ಶುಗರ್ ಮಾತ್ರೆಗಳ ಡೋಸ್ ಕೂಡ ಕಡಿಮೆ ಮಾಡಬೇಕಾಗಬಹುದು.

ಒಂದೆರಡು ದಿನದಲ್ಲೇ 2 ಕಿಲೋ ಏರಿದರೆ ಅದು ಬೊಜ್ಜಲ್ಲ, ನೀರು. ಕಾಲು ಊದಿ, ಮೂತ್ರ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ತಂಗಿ ಡಯಾಲಿಸಿಸ್‌ನಲ್ಲಿದ್ದಾಳೆ. ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ) 38. ತೂಕ ಇಳಿಸಿದರೆ ಮಾತ್ರ ಕಸಿ ಅಂದಿದ್ದಾರೆ. ಇದು ಅನ್ಯಾಯ ಅಲ್ವಾ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ತೂಕ ಹೆಚ್ಚಿದ್ದರೆ ಗಾಯದ ಸೋಂಕು, ಹರ್ನಿಯಾ, ಹೊಸ ಕಿಡ್ನಿ ತಡವಾಗಿ ಕೆಲಸ ಶುರು ಮಾಡುವುದು, ಇವೆಲ್ಲ ಜಾಸ್ತಿ. ಆದರೆ ಬೊಜ್ಜಿದ್ದವರೂ ಡಯಾಲಿಸಿಸ್‌ನಲ್ಲೇ ಉಳಿಯುವುದಕ್ಕಿಂತ ಕಸಿಯಾದ ಮೇಲೆ ಹೆಚ್ಚು ಕಾಲ ಬದುಕುತ್ತಾರೆ. ಬೊಜ್ಜು ಒಂದೇ ಕಾರಣಕ್ಕೆ ಕಸಿ ನಿರಾಕರಿಸಬಾರದು ಅಂತ ಕಿಡ್ನಿ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2020ರ ಮಾರ್ಗಸೂಚಿ ಹೇಳುತ್ತದೆ. ತೂಕ ಇಳಿಸಲು ನೆರವು ಕೊಡಿ ಅಂತಲೂ ಹೇಳುತ್ತದೆ. ಎಷ್ಟು ಕಿಲೋ ಇಳಿಯಬೇಕು, ಯಾರು ನೆರವಾಗುತ್ತಾರೆ ಅಂತ ಸ್ಪಷ್ಟವಾಗಿ ಕೇಳಿ. ಜಠರದ ಗಾತ್ರ ಕಡಿಮೆ ಮಾಡುವ ಸ್ಲೀವ್ ಆಪರೇಷನ್ ಆಕೆಗೆ ಆಗುತ್ತದಾ ಅಂತಲೂ ಕೇಳಿ. ಅಷ್ಟಕ್ಕೂ ಒಪ್ಪದಿದ್ದರೆ ಇನ್ನೊಂದು ಕಸಿ ಕೇಂದ್ರದ ಅಭಿಪ್ರಾಯ ತೆಗೆದುಕೊಳ್ಳಿ. ಬಿಎಂಐ ಮಿತಿ ಎಲ್ಲ ಕಡೆ ಒಂದೇ ಇರುವುದಿಲ್ಲ.