ಮಾಂಟೂ ಪರೀಕ್ಷೆ: ಎರಡು ದಿನ ಕಾಯಲೇಬೇಕು

ಪ್ರಶ್ನೆ: ಕ್ಷಯದ ಅನುಮಾನಕ್ಕೆ ಮಗನಿಗೆ ಮಾಂಟೂ ಪರೀಕ್ಷೆ ಮಾಡಿದ್ದಾರೆ. ಸಂಜೆಯಾದರೂ ಕೈ ಮೇಲೆ ಏನೂ ಎದ್ದಿಲ್ಲ. ಮತ್ತೆ ಆಸ್ಪತ್ರೆಗೆ ಹೋಗಬೇಕೇ? ಫೋಟೊ ಕಳಿಸಿದರೆ ಸಾಲದೇ?

ಉತ್ತರ: ಸಾಲದು. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. 48ರಿಂದ 72 ಗಂಟೆಯೊಳಗೆ ಮಗನನ್ನು ಕರೆದುಕೊಂಡೇ ಹೋಗಿ.

ಚರ್ಮದೊಳಗೆ ಬಿಟ್ಟಿದ್ದು ಕ್ಷಯದ ಬ್ಯಾಕ್ಟೀರಿಯಾದ ಪ್ರೋಟೀನು, 0.1 ಮಿ.ಲೀ. ಅದನ್ನು ಇಡಿಯಾಗಿ ಮುಂದಿಟ್ಟರೂ ಟಿ ಕೋಶಕ್ಕೆ, ಅಂದರೆ ಸೋಂಕನ್ನು ಗುರುತಿಸಿ ಎದುರಿಸುವ ಒಂದು ಬಗೆಯ ಬಿಳಿ ರಕ್ತಕಣಕ್ಕೆ, ಗುರುತು ಸಿಗುವುದಿಲ್ಲ. ಚರ್ಮದ ಕಾವಲು ಕೋಶಗಳಾದ ಡೆಂಡ್ರೈಟಿಕ್ ಕೋಶ, ಮ್ಯಾಕ್ರೊಫೇಜ್‌ಗಳು ಅದನ್ನು ನುಂಗಿ, ಚೂರು ಮಾಡಿ, ಹದಿನೈದಿಪ್ಪತ್ತು ಅಮೈನೊ ಆಮ್ಲಗಳ ಒಂದು ತುಣುಕನ್ನು ಎಂಎಚ್‌ಸಿ ಎಂಬ ಅಣುವಿನ ಸೀಳಿನಲ್ಲಿ ಕೂರಿಸಿ ಹೊರಮೈಗೆ ತಂದು ತೋರಿಸಬೇಕು. ತುಣುಕೊಂದೇ ಸಾಲದು, ಹಿಡಿದಿರುವ ಎಂಎಚ್‌ಸಿಯೂ ತನ್ನ ದೇಹದ್ದೇ ಆಗಿರಬೇಕು. ವೈರಸ್ ತಗುಲಿದ ಇಲಿಗಳಲ್ಲಿ ವಿಜ್ಞಾನಿಗಳಾದ ಡೊಹರ್ಟಿ ಮತ್ತು ಝಿಂಕರ್‌ನಾಗೆಲ್ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇದನ್ನು ಕಂಡುಕೊಂಡದ್ದು 1974ರ ಹೊತ್ತಿಗೆ. ಹಿಂದೆ ಕ್ಷಯದ ಪರಿಚಯವಾಗಿದ್ದ ಟಿ ಕೋಶಗಳು ರಕ್ತದಲ್ಲಿ ತೀರಾ ಕಡಿಮೆ. ಅವು ಅಲ್ಲಿಗೆ ಬಂದು, ತುಣುಕನ್ನು ಗುರುತಿಸಿ, ಸೈಟೊಕೈನ್ ಎಂಬ ಸಂದೇಶ ಸಾಗಿಸುವ ಪ್ರೋಟೀನು ಬಿಟ್ಟು, ಉಳಿದ ಕೋಶಗಳನ್ನು ಕರೆಸಿಕೊಳ್ಳಬೇಕು. ಹಾಗೆ ನೆರೆದ ಕೋಶಗಳೇ ಬೆರಳಿಗೆ ಸಿಗುವ ಗಟ್ಟಿ. ಸಂಜೆಯೊಳಗೆ ಇದೆಲ್ಲ ಆಗುವ ಕೆಲಸವಲ್ಲ.

ಅಳೆಯುವುದೂ ಆ ಗಟ್ಟಿಯನ್ನೇ, ಕೆಂಪನ್ನಲ್ಲ. ಮೆಲ್ಲಗೆ ಬೆರಳಾಡಿಸುತ್ತ ಬಂದರೆ ಒಂದು ಕಡೆ ಅಂಚು ತಡೆಯುತ್ತದೆ. ಅಲ್ಲಿ ಪೆನ್ನಿನ ಗುರುತು, ಆಚೆ ಅಂಚಿಗೆ ಇನ್ನೊಂದು, ನಡುವೆ ಸ್ಕೇಲು. ಒಮ್ಮೆ ನಾನೇ ಫೋಟೊ ನೋಡಿ ‘ಏನಿಲ್ಲ’ ಎಂದುಬಿಟ್ಟಿದ್ದೆ. ಸಮಾಧಾನವಾಗದೆ ತಾಯಿ ಮಗುವನ್ನು ಕರೆತಂದರು. ಮುಟ್ಟಿ ಅಳೆದರೆ 14 ಮಿ.ಮೀ. ಅಂದಿನಿಂದ ಫೋಟೊ ನೋಡಿ ಹೇಳುವುದನ್ನು ಬಿಟ್ಟಿದ್ದೇನೆ.

ಸಾಮಾನ್ಯವಾಗಿ 10 ಮಿ.ಮೀ. ಮತ್ತು ಮೇಲ್ಪಟ್ಟರೆ ಪಾಸಿಟಿವ್. ಅಂದರೆ ಸೋಂಕು ತಗುಲಿರಬಹುದು ಎಂದಷ್ಟೇ. ಕಾಯಿಲೆ ಇದೆಯೋ ಎಂದು ತಿಳಿಯಲು ಎಕ್ಸ್‌ರೇ, ಕಫ ಪರೀಕ್ಷೆ ಬೇಕು. ತೀವ್ರ ಅಪೌಷ್ಟಿಕತೆ, ಎಚ್‌ಐವಿ, ಈಚೆಗೆ ಬಂದ ದಡಾರದಿಂದ ಟಿ ಕೋಶಗಳು ಸೋತಿದ್ದರೆ ಕ್ಷಯವಿದ್ದೂ ಕೈ ಸಪಾಟಾಗಿರುತ್ತದೆ. ಕೆಮ್ಮು, ಜ್ವರ ಬಿಡದಿದ್ದರೆ ‘ನೆಗೆಟಿವ್’ ಚೀಟಿ ನಂಬಿ ಕೂರಬೇಡಿ.

ಪ್ರಶ್ನೆ: ಈ ಚುಚ್ಚುಮದ್ದಿನಿಂದಲೇ ಕ್ಷಯ ಬರುತ್ತದಂತೆ?

ಉತ್ತರ: ಸುಳ್ಳು. ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇಲ್ಲ.

ಪ್ರಶ್ನೆ: ಟಿ ಕೋಶ ಹೆಚ್ಚಿಸುವ ಪುಡಿ ಕೊಡಬಹುದೇ?

ಉತ್ತರ: ಬೇಡ. ಹಾಗೆಂದು ಹೇಳಿ ಮಾರುವವರು ಮಕ್ಕಳ ಜೀವದ ಜೊತೆ ಆಡುತ್ತಿದ್ದಾರೆ. ಇಂಥ ಪುಡಿಗಳಲ್ಲಿ ಕೆಲವಕ್ಕೆ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಅದು ಟಿ ಕೋಶಗಳನ್ನೇ ಅಡಗಿಸುತ್ತದೆ, ಮಾಂಟೂ ಕೂಡ ಸುಳ್ಳು ಹೇಳುತ್ತದೆ. ಈಗಾಗಲೇ ಕೊಟ್ಟಿದ್ದರೆ ಡಬ್ಬಿ ಸಮೇತ ವೈದ್ಯರಿಗೆ ತೋರಿಸಿ.