ಎರಡು ಕೆಜಿ ಕ್ಯಾಮೆರಾ, ನೆಲಕ್ಕಂಟಿದ ಕಪ್ಪೆ: ಯಾವ ಟ್ರೈಪಾಡ್ ತಗೋಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಿಕಾನ್ ಡಿ850 ಇದೆ, ತೀರಾ ಹತ್ತಿರದಿಂದ ತೆಗೆಯುವ ಸಿಗ್ಮಾ 150 ಎಂಎಂ ಮ್ಯಾಕ್ರೋ ಲೆನ್ಸ್ ಇದೆ. ಮಳೆಗಾಲದಲ್ಲಿ ಮಲೆನಾಡಿನ ಕಪ್ಪೆ, ಅಣಬೆಗಳನ್ನು ಅವುಗಳ ಕಣ್ಣಿನ ಮಟ್ಟದಿಂದ ತೆಗೆಯಬೇಕು. (ಅಣಬೆಗೆ ಕಣ್ಣಿಲ್ಲ, ಆ ಮಾತು ಬೇರೆ.) ಈಗಿರುವ ಐದಡಿ ಟ್ರೈಪಾಡ್ ಕೆಳಗೆ ಇಳಿಯುವುದಿಲ್ಲ. ಬ್ಯಾಗಿನಲ್ಲಿ ಹಿಡಿಯುವಷ್ಟು ಚಿಕ್ಕದು, ಆದರೆ ಗಟ್ಟಿಯಾದದ್ದು ಬೇಕು. ಬಾಕ್ಸ್ ಮೇಲಿನ ‘ಕನಿಷ್ಠ ಎತ್ತರ’ ನೋಡಿ ತೆಗೆದುಕೊಂಡರೆ ಸಾಕಾ ಅಂತ ಕೇಳಿದ್ದೀರಿ.

ಸಾಲದು. ಆ ಸಂಖ್ಯೆ ಬರೀ ಕಾಲುಗಳದ್ದು. ಕಾಲುಗಳನ್ನು ಪೂರ್ತಿ ಅಗಲಿಸಿದಾಗ 8 ಸೆಂ.ಮೀ. ಅಂತ ಬರೆದಿರುತ್ತಾರೆ. ಅದರ ಮೇಲೆ ಬಾಲ್ ಹೆಡ್, ಅಂದರೆ ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸುವ ಗುಂಡು ಕೀಲು ಕೂರುತ್ತದೆ, ನಿಮ್ಮ ತೂಕಕ್ಕೆ ಸರಿಹೋಗುವ ಹೆಡ್ ಅಂದರೆ ಸುಮಾರು 10 ಸೆಂ.ಮೀ. ಅದರ ಮೇಲೆ ಲೆನ್ಸಿನ ಕಾಲರ್ (ಲೆನ್ಸನ್ನು ಸುತ್ತಿ ಹಿಡಿದ ಬಳೆ) ಪಾದ. ಅಲ್ಲಿಂದ ಲೆನ್ಸಿನ ನಡುಮಧ್ಯಕ್ಕೆ ಇನ್ನೂ 6 ಸೆಂ.ಮೀ. ಒಟ್ಟು 24. ಕಪ್ಪೆಯ ಕಣ್ಣು ನೆಲದಿಂದ ಎರಡು ಮೂರು ಸೆಂ.ಮೀ. ಎತ್ತರದಲ್ಲಿರುತ್ತದೆ. ಅರ್ಧ ಮೀಟರ್ ದೂರದಿಂದ ನೋಡಿದರೂ ನೀವು 20 ಡಿಗ್ರಿಗಿಂತ ಜಾಸ್ತಿ ಕೆಳಮುಖವಾಗಿ ನೋಡುತ್ತಿರುತ್ತೀರಿ. ಫೋಟೋದಲ್ಲಿ ಬೆನ್ನು, ತಲೆ, ಹಿಂದೆ ಬರೀ ಕೆಸರು. ಹಾಗಾಗಿ ಅಂಗಡಿಯಲ್ಲಿ ಟೇಪು ಹಿಡಿದು ಅಳೆಯಬೇಕಾದದ್ದು ಲೆನ್ಸಿನ ಎತ್ತರ, ಟ್ರೈಪಾಡಿನದ್ದಲ್ಲ.

ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನೇ ತೆಗೆದುಕೊಳ್ಳಿ. 2014ರಲ್ಲಿ ಅದನ್ನು ಹೊಸ ಪ್ರಭೇದ ಅಂತ ವಿಜ್ಞಾನಿಗಳು ವಿವರಿಸಿದರು. ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಮೇಲಿನಿಂದ ತೆಗೆದರೆ ಅಲ್ಲಿ ಒಂದು ಕಪ್ಪೆ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಕೆಸರು ಹಿಡಿದ ಆ ಕೈ ಕಾಣಬೇಕಾದರೆ ಲೆನ್ಸ್ ನೀರಿನ ಹತ್ತಿರಕ್ಕೇ ಇಳಿಯಬೇಕು.

ಇಳಿಸುವುದಕ್ಕೆ ಮೊದಲ ಅಡ್ಡಿ ನಡುಗಂಬ, ಅಂದರೆ ಸೆಂಟರ್ ಕಾಲಮ್. ಕಾಲು ಎಷ್ಟೇ ಅಗಲಿಸಿ, ಕಂಬದ ತುದಿ ನೆಲಕ್ಕೆ ತಾಗಿದ ಮೇಲೆ ಮುಂದಕ್ಕೆ ಇಳಿಯುವುದಿಲ್ಲ. ನಿಮ್ಮ ಐದಡಿ ಟ್ರೈಪಾಡಿನ ಸಮಸ್ಯೆಯೂ ಬಹುಶಃ ಇದೇ. ಕಂಬವನ್ನು ತಲೆಕೆಳಗು ಮಾಡಿ ಕ್ಯಾಮೆರಾ ನೇತುಹಾಕಿ ಅಂತ ತುಂಬಾ ಜನ ಹೇಳುತ್ತಾರೆ. ಆಗುತ್ತದೆ, ಆದರೆ ಕ್ಯಾಮೆರಾ ಉಲ್ಟಾ, ಬಟನ್ ಎಲ್ಲಾ ಉಲ್ಟಾ, ಮೂರು ಕಾಲುಗಳ ನಡುವೆ ಕೈ ತೂರಿಸಿ ಒದ್ದಾಟ. ಕಪ್ಪೆ ಅಷ್ಟು ಹೊತ್ತು ಕಾಯುತ್ತದಾ? ಮ್ಯಾನ್‌ಫ್ರೊಟ್ಟೊ 055 ಸರಣಿಯಲ್ಲಿ ಕಂಬವನ್ನು ಅಡ್ಡಕ್ಕೆ ಮಲಗಿಸಬಹುದು. ಒಳ್ಳೆಯ ಉಪಾಯವೇ, ಹಗುರ ಕ್ಯಾಮೆರಾಗೆ ನಾನೂ ಬೇಡ ಅನ್ನುವುದಿಲ್ಲ. ನಿಮ್ಮದು ಹಾಗಲ್ಲ. ಡಿ850 ಒಂದೇ 1 ಕೆಜಿ, ಲೆನ್ಸ್ 1.15 ಕೆಜಿ, ಫ್ಲ್ಯಾಶ್ ಬೇರೆ. ಅಡ್ಡಗಂಬದ ತುದಿಯಲ್ಲಿ ಇಷ್ಟು ತೂಕ ಕೂತರೆ ಒಂದು ಸಲ ಮುಟ್ಟಿದ್ದಕ್ಕೆ ಸುಮಾರು ಹೊತ್ತು ತೂಗಾಡುತ್ತದೆ. ಮ್ಯಾಕ್ರೋದಲ್ಲಿ ಆ ಅಲುಗಾಟ ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಹಾಗಾಗಿ ನನ್ನ ಮಟ್ಟಿಗೆ ನಿಯಮ ಸರಳ. ನಡುಗಂಬ ಇರಲೇಬಾರದು, ಅಥವಾ ಬಿಚ್ಚಿ ಮನೆಯಲ್ಲಿಟ್ಟು ಬರುವ ಹಾಗಿರಬೇಕು. ಗಿಟ್ಸೊ ಕಂಪನಿಯ ಸಿಸ್ಟಮ್ಯಾಟಿಕ್ ಸರಣಿಯಲ್ಲಿ ಮೊದಲಿಂದಲೇ ಕಂಬ ಇರುವುದಿಲ್ಲ. ಅಷ್ಟು ದುಡ್ಡು ಹಾಕಲಾಗದಿದ್ದರೆ ಲಿಯೊಫೋಟೊ ಕಂಪನಿಯವು ನೋಡಿ. ಅವರ ಮಾಡೆಲ್ ಸಂಖ್ಯೆ ಓದಲು ಕಲಿತರೆ ಅರ್ಧ ಕೆಲಸ ಮುಗಿಯುತ್ತದೆ. ಎಲ್‌ಎಸ್-324ಸಿ ಅಂದರೆ ಕಾಲಿನ ಅತಿ ದಪ್ಪ ಕೊಳವೆ 32 ಮಿ.ಮೀ., ಕಾಲಿಗೆ ಒಂದರೊಳಗೊಂದು ಜಾರುವ 4 ಭಾಗ, ಸಿ ಅಂದರೆ ಕಾರ್ಬನ್ ಫೈಬರ್.

ಕೊಳವೆಯ ದಪ್ಪಕ್ಕೆ ಯಾಕೆ ಅಷ್ಟು ಬೆಲೆ ಅಂದರೆ, ಟ್ರೈಪಾಡ್ ನೆಟ್ಟಗೆ ನಿಂತಾಗ ಭಾರ ಕಾಲಿನ ಉದ್ದಕ್ಕೂ ಕೆಳಗಿಳಿಯುತ್ತದೆ. ಕಾಲು ತೆಳ್ಳಗಿದ್ದರೂ ತಡೆಯುತ್ತದೆ. ನೆಲಕ್ಕೆ ಚಪ್ಪಟೆಯಾಗಿ ಹರಡಿದಾಗ ಲೆಕ್ಕ ಬದಲಾಗುತ್ತದೆ. ಈಗ ಭಾರ ಕಾಲನ್ನು ಬಗ್ಗಿಸಲು ನೋಡುತ್ತದೆ, ಕಾಲಿನ ಬುಡದ ಕೀಲನ್ನು, ಕೋನ ಹಿಡಿಯುವ ತಡೆಯನ್ನು ಒತ್ತುತ್ತದೆ. ಗೋಡೆಯ ದಪ್ಪ ಒಂದೇ ಆಗಿದ್ದರೆ 22 ಮಿ.ಮೀ. ಕೊಳವೆಗಿಂತ 28 ಮಿ.ಮೀ. ಕೊಳವೆ ಬಾಗದೆ ನಿಲ್ಲುವುದರಲ್ಲಿ ಸುಮಾರು ಎರಡು ಪಟ್ಟು ಗಟ್ಟಿ. ಉದ್ದದ ಪರಿಣಾಮ ಇನ್ನೂ ಜೋರು. ಅದೇ ಕೊಳವೆಯ ಉದ್ದ ಅರ್ಧ ಮಾಡಿದರೆ ಬಾಗುವುದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಿಡ್ಡ, ದಪ್ಪ ಕಾಲು ಇಲ್ಲಿ ಗೆಲ್ಲುವುದು ಇದಕ್ಕೇ. ನಿಮ್ಮ ‘ಚಿಕ್ಕದು’, ‘ಗಟ್ಟಿ’ ಎರಡೂ ಆಸೆ ಒಂದಕ್ಕೊಂದು ವಿರುದ್ಧವಲ್ಲ, ನೆಲಮಟ್ಟದ ಕೆಲಸದಲ್ಲಿ ಅವು ಒಟ್ಟಿಗೇ ಬರುತ್ತವೆ. ನಿಂತುಕೊಂಡು ಫೋಟೋ ತೆಗೆಯುವ ಆಸೆಯನ್ನು ಮಾತ್ರ ಬಿಡಬೇಕು.

ಇನ್ನೊಂದು ಲಾಭ ಜಾಗದ್ದು. ಮಡಚಿದಾಗ 60 ಸೆಂ.ಮೀ. ಉದ್ದದ ಟ್ರೈಪಾಡ್ ಪೂರ್ತಿ ಹರಡಿದರೆ ಮೀಟರಿಗೂ ಅಗಲ ಜಾಗ ಕೇಳುತ್ತದೆ. ಹಳ್ಳದ ದಂಡೆಯಲ್ಲಿ, ಬೇರು ಬಂಡೆಗಳ ನಡುವೆ ಅಷ್ಟು ಜಾಗ ಎಲ್ಲಿರುತ್ತದೆ? ಇಟ್ಟ ಕಡೆಯೆಲ್ಲಾ ಪುಟ್ಟ ಗಿಡಗಳು ನೆಲ ಕಚ್ಚುತ್ತವೆ. ಮೊಣಕಾಲೆತ್ತರದ ಟ್ರೈಪಾಡ್ ಆದರೆ ಬಂಡೆಯ ಸಂದಿಯಲ್ಲೂ ನಿಲ್ಲುತ್ತದೆ.

ಬಾಕ್ಸ್ ಮೇಲಿನ ‘10 ಕೆಜಿ ತಡೆಯುತ್ತದೆ’ ಅನ್ನುವ ಮಾತನ್ನು ತೀರಾ ನಂಬಬೇಡಿ. ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ. ಮುರಿಯದೆ ಹೊರುವುದು ಬೇರೆ, ಅಲುಗದೆ ಹಿಡಿಯುವುದು ಬೇರೆ. ಬಾಗುವ ಕಾಲಿನ ಪುಟಾಣಿ ಟ್ರೈಪಾಡ್‌ಗಳೂ ನಿಮ್ಮ ಕ್ಯಾಮೆರಾ ಹೊರುತ್ತವೆ, ಆದರೆ ಶಟರ್ ಒತ್ತಿದಾಗೆಲ್ಲಾ ಕುಣಿಯುತ್ತವೆ. ಅಂಗಡಿಗೆ ನಿಮ್ಮದೇ ಕ್ಯಾಮೆರಾ ಒಯ್ಯಿರಿ. ಕಾಲು ಪೂರ್ತಿ ಹರಡಿ, ಕ್ಯಾಮೆರಾ ಕೂರಿಸಿ, ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ) ಪೂರ್ತಿ ಜೂಮ್ ಮಾಡಿ. ಲೆನ್ಸಿನ ತುದಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಚಿತ್ರ ತಕ್ಷಣ ನಿಂತರೆ ಸರಿ. ನಡುಗುತ್ತಲೇ ಇದ್ದರೆ ಅಂಗಡಿಯವರು ಏನೇ ಹೇಳಲಿ, ವಾಪಸ್ ಕೊಡಿ. ಆಮೇಲೆ ಮೂರು ಕಾಲು ಸೇರುವ ಜಾಗವನ್ನು ಅಂಗೈಯಿಂದ ಒತ್ತಿ, ಸ್ವಲ್ಪ ತಿರುಚಿ ನೋಡಿ. ಕೀಲು ಸಡಿಲ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಈಗ ಆ 24 ಸೆಂ.ಮೀ. ಇಳಿಸುವ ದಾರಿ. ಹೆಡ್ಡನ್ನೇ ತೆಗೆದು, ಆರ್ಕಾ ಮಾದರಿಯ ಕ್ಲ್ಯಾಂಪನ್ನು (ಕ್ಯಾಮೆರಾ ಪ್ಲೇಟನ್ನು ಕಚ್ಚಿ ಹಿಡಿಯುವ ತುಂಡು) ನೇರವಾಗಿ ಟ್ರೈಪಾಡ್ ಮೇಲೆ ತಿರುಗಿಸಿ ಕೂರಿಸಿ. ಟ್ರೈಪಾಡಿನ ಸ್ಕ್ರೂ 3/8 ಇಂಚಿನದು, ಕ್ಲ್ಯಾಂಪಿನ ತೂತು ಅದೇ ಅಳತೆಯದಾ ಅಂತ ಕೊಳ್ಳುವಾಗಲೇ ನೋಡಿ. ಲೆನ್ಸ್ ಈಗ 16 ಸೆಂ.ಮೀ. ಹತ್ತಿರ ಇಳಿಯುತ್ತದೆ. ಓರೆ ಸರಿಮಾಡಲು ಕಾಲುಗಳನ್ನೇ ಹಿಂದೆ ಮುಂದೆ ಮಾಡಬೇಕು, ಸ್ವಲ್ಪ ಕಿರಿಕಿರಿ. ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. ನಿಮ್ಮ ಲೆನ್ಸಿಗೆ ಕಾಲರ್ ಇದೆಯಲ್ಲ, ಅದನ್ನು ಸಡಿಲಿಸಿ ಪಾದವನ್ನು ಪಕ್ಕಕ್ಕೆ ತಿರುಗಿಸಿ. ಬಾಲ್ ಹೆಡ್ಡಿನ ತಲೆಯನ್ನು ಅದರ ಬದಿಯಲ್ಲಿರುವ ಸೀಳಿಗೆ ವಾಲಿಸಿ. ಕ್ಯಾಮೆರಾ ಹೆಡ್ಡಿನ ಮೇಲೆ ಕೂರುವ ಬದಲು ಪಕ್ಕದಲ್ಲಿ ನಿಲ್ಲುತ್ತದೆ, 14 ಸೆಂ.ಮೀ. ಆಸುಪಾಸು. ತೂಕ ವಾಲುವ ಕಡೆಗೆ ಒಂದು ಕಾಲು ಇರಲೇಬೇಕು, ಇಲ್ಲದಿದ್ದರೆ ಮಗುಚಿ ಬೀಳುತ್ತದೆ.

ಅದಕ್ಕಿಂತ ಕೆಳಗೆ ಬೇಕಾದರೆ ಟ್ರೈಪಾಡ್ ಬಿಟ್ಟುಬಿಡಿ, ಬೀನ್ ಬ್ಯಾಗ್ ತಗೊಳ್ಳಿ. ಹಳೇ ಜೀನ್ಸ್ ಕಾಲನ್ನು ಒಂದು ಗೇಣು ಕತ್ತರಿಸಿ, ಟೈಲರ್ ಹತ್ತಿರ ಎರಡೂ ತುದಿ ಹೊಲಿಸಿದರೆ ಆಯಿತು, ಒಂದು ಕಡೆ ಜಿಪ್ ಇರಲಿ. ಒಳಗೆ ಹುರುಳಿ ತುಂಬಿದರೆ ಚೆನ್ನಾಗಿ ಕೂರುತ್ತದೆ, ಆದರೆ ಆಗುಂಬೆಯಂಥ ಕಡೆ ಮಳೆಗೆ ನೆನೆದು ಎರಡೇ ದಿನಕ್ಕೆ ಮೊಳಕೆ ಬರುತ್ತದೆ. ಪ್ಲಾಸ್ಟಿಕ್ ಮಣಿ ಹಾಕಿ, ಇಲ್ಲವೇ ಕಾಳನ್ನು ಜಿಪ್ ಕವರಿನಲ್ಲಿಟ್ಟು ತುಂಬಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದರೆ ಸಾಕು, ಗಟ್ಟಿಯಾಗಿ ತುಂಬಿದರೆ ಲೆನ್ಸ್ ಒಳಗೆ ಹುದುಗುವುದಿಲ್ಲ.

ಅಷ್ಟು ಕೆಳಗೆ ಕಣ್ಣಿಟ್ಟು ನೋಡಲು ಮಲಗಬೇಕು, ಮಲಗಿದರೆ ಇಂಬಳ (ಜಿಗಣೆ) ಬಿಡುವುದಿಲ್ಲ. ಡಿ850ರ ಪರದೆ ಮೇಲಕ್ಕೆ ವಾಲುತ್ತದೆ, ಕೂತೇ ನೋಡಬಹುದು. ಕ್ಯಾಮೆರಾ ತಾನೇ ಅಲುಗದಿರಲು ಒಳಗಿನ ಮಿರರ್ ಮೊದಲೇ ಎತ್ತಿ, ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್ ಶಟರ್ (ಶಟರಿನ ಮೊದಲ ಪರದೆ ಹೊಡೆಯದ ಸೆಟ್ಟಿಂಗ್) ಆನ್ ಮಾಡಿ, ಮುಟ್ಟದೆ ಕ್ಲಿಕ್ಕಿಸುವ ಕೇಬಲ್ ರಿಲೀಸ್ ಬಳಸಿ.

ಕೊಳ್ಳುವ ಕ್ರಮ ಕೇಳಿದರೆ: ಮೊದಲು ಬೀನ್ ಬ್ಯಾಗ್, ಖರ್ಚೇ ಇಲ್ಲ. ಆಮೇಲೆ ಕ್ಲ್ಯಾಂಪ್. ಈಗಿನ ಟ್ರೈಪಾಡಿನ ಕಂಬ ಬಿಚ್ಚಲು ಬರುತ್ತದಾ ನೋಡಿ, ಬಂದರೆ ಒಂದು ಮಳೆಗಾಲ ಅದರಲ್ಲೇ ತೆಗೆಯಿರಿ. ಅದನ್ನು ಹರಡಲು ಜಾಗ ಸಾಲದು ಅನ್ನಿಸಿದಾಗ 28 ಮಿ.ಮೀ. ಅಥವಾ ಅದಕ್ಕಿಂತ ದಪ್ಪದ, ಎರಡು ಮೂರು ಭಾಗದ ಗಿಡ್ಡ ಕಾರ್ಬನ್ ಟ್ರೈಪಾಡ್ ಹುಡುಕಿ. ಬಜೆಟ್ ಬಿಗಿ ಇದ್ದರೆ ಅಲ್ಯೂಮಿನಿಯಂ ಆದರೂ ನಡೆಯುತ್ತದೆ, ಕೊಳವೆ ಮಾತ್ರ ತೆಳ್ಳಗಿನದು ಬೇಡ.

ಹಳ್ಳಕ್ಕೆ ಇಳಿಸಿದ ಮೇಲೆ ಕಾಲುಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ, ಉದ್ದಕ್ಕೆ ಎಳೆದೇ ಒಣಗಿಸಿ. ಮರಳು ಸಿಕ್ಕಿಕೊಂಡರೆ ಲಾಕ್ ಹಾಳಾಗುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು, ಕಪ್ಪೆಗಳಿಗೆ ತಗಲುವ ಚಿಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಒಂದು ಹಳ್ಳದ ಕೆಸರನ್ನು ಟ್ರೈಪಾಡ್ ಪಾದದಲ್ಲೋ, ಬೂಟಿನಲ್ಲೋ ಇನ್ನೊಂದು ಹಳ್ಳಕ್ಕೆ ಒಯ್ಯಬೇಡಿ.